ಬಾಯಿಬಿಟ್ಟು ಹೇಳಬೇಕಾದ ಶಾ

ಮೊನ್ನೆ ತಿಪಟೂರಿನ ಮಂಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದಾಗ ಒಣಕೊಬ್ಬರಿಯ ಎಣ್ಣೆಗಂಪು ಮೂಗಿಗೆ ಬಂದು, ಹಂದನಕೆರೆಯ ನಮ್ಮ ಮನೆ ಕಣ್ಣಿಗೆ ಕಟ್ಟಿತು. ಅಟ್ಟದ ತುಂಬ ವರ್ಷವೆಲ್ಲ ಒಣಗುವ ಕಾಯಿ, ಕೆಳಗೆ ನಡುಮನೆಯ ಕಂಬಕ್ಕೊರಗಿದ ತಾತ, ಅವರ ಮುಂದೆ ಚದುರಂಗದ ಮಣೆ. ತಾತ ಹೋದ ಮೇಲೆ ಮನೆ ಪಾಲಾಯಿತು, ಪಾಲಾದ ಮೇಲೆ ಕೆಡವಿದರು. ನೀವೂ ಅಂಥದೊಂದು ಮನೆ ಕಳೆದುಕೊಂಡವರಾದರೆ ಹೆಚ್ಚು ಹೇಳಬೇಕಿಲ್ಲ.

ನಾನಾಗ ಐದನೇ ಕ್ಲಾಸಿನ ಹುಡುಗಿ. ಎಲ್ಲೋ ಹೊರದೇಶದಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ತಂಡಗಳ ಚೆಸ್ ಪಂದ್ಯ ನಡೆದು, ಅದರ ನಡೆಗಳು ಪೇಪರಿನಲ್ಲಿ ಬಂದಿದ್ದವು. ತಾತ ಮಣೆಯ ಅಂಚಿಗೆ ಸೀಮೆಸುಣ್ಣದಲ್ಲಿ ಅಕ್ಷರ, ಅಂಕಿ ಬರೆಸಿ, ನನ್ನಿಂದ ಓದಿಸಿಕೊಂಡು ಅದೇ ಆಟವನ್ನು ಮತ್ತೆ ಆಡಲು ಕೂತರು. ಭಾರತವೇನೋ ತಾತನದೇ. ಪಾಕಿಸ್ತಾನವಾಗಿ ಎದುರು ಕೂರುವವರಾರು? ಅಪ್ಪ ತೋಟಕ್ಕೆ ನೀರು ಬಿಡಬೇಕೆಂದು ಮೆಲ್ಲಗೆ ಜಾರಿಕೊಂಡರು. ಕೊನೆಗೆ ಕೂತವಳು ತಾತನ ಮಗಳು, ಸಾವಿತ್ರತ್ತೆ. ತನ್ನಿಷ್ಟದವನನ್ನು ಮದುವೆಯಾದಳೆಂದು ತಾತ ನಾಲ್ಕು ವರ್ಷದಿಂದ ಅವಳೊಡನೆ ಮಾತು ಬಿಟ್ಟಿದ್ದರು. ಅಜ್ಜಿ ಹಾಸಿಗೆ ಹಿಡಿದಿದ್ದರಿಂದ ನಾಲ್ಕು ದಿನ ನೋಡಿಕೊಳ್ಳಲು ಬಂದಿದ್ದಳು. ಎರಡು ಮಾರು ದೂರದಲ್ಲಿರುವ ಮಗಳಿಗೆ ತಾತ ನನ್ನ ಕೈಲಿ, "ನಿಮ್ಮತ್ತೆ ಉಂಡ್ಳಾ ಕೇಳು" ಎಂದು ಕೇಳಿಸುವರು. "ಉಂಡೆ ಅನ್ನು" ಎಂದು ಅವಳೂ ನನಗೇ ಹೇಳುವಳು. ಮೊಂಡುತನ ನಮ್ಮ ವಂಶದ ಆಸ್ತಿ, ನನಗೂ ಪಾಲು ಬಂದಿದೆ.

ತಾತನ ಮಣೆಗೆ ಒಂದು ಕಟ್ಟಳೆಯಿತ್ತು. ರಾಜನಿಗೆ ಶಾ, ಅಂದರೆ ಚೆಕ್, ಕೊಟ್ಟವರು ಎದುರಿನವರ ಮುಖ ನೋಡಿ ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳದ ನಡೆ ನಡೆಯೇ ಅಲ್ಲ. ಆಟದ ನಡುವೆ ಪಾಕಿಸ್ತಾನದ ಕುದುರೆ ನಮ್ಮ ರಾಜನ ಮೇಲೆ ಬಿತ್ತು. ಅತ್ತೆ ಕುದುರೆ ಇಟ್ಟು ತಲೆ ತಗ್ಗಿಸಿ ಕೂತಳು. ಅವಳ ಪರವಾಗಿ ನಾನೇ ಶಾ ಎಂದೆ. ತಾತ ಕುದುರೆಯನ್ನೆತ್ತಿ ಹಿಂದಿನ ಮನೆಗಿಟ್ಟರು. ಅತ್ತೆ ಮತ್ತೆ ಇಟ್ಟಳು, ತಾತ ಮತ್ತೆ ತೆಗೆದರು. ಹೀಗೆ ಮೂರು ಸಲ. ಮಾರನೆಯ ಬೆಳಿಗ್ಗೆ ಅತ್ತೆ ಹೊರಡುವವಳು. ಈ ಜನ್ಮದಲ್ಲಿ ಇನ್ನು ಇವರು ಮಾತಾಡುವುದಿಲ್ಲ ಅನ್ನಿಸಿ ನನಗೆ ಅಳುವೇ ಬಂತು.

"ನಡ್ಸಿದೋರೇ ಹೇಳ್ಬೇಕು ಅನ್ನು," ಎಂದರು ತಾತ, ನನ್ನ ಕಡೆ ತಿರುಗಿ.

ನಾಲ್ಕನೇ ಸಲ ಕುದುರೆ ಇಟ್ಟು ಅತ್ತೆ ತಲೆಯೆತ್ತಿದಳು. "ಶಾ, ಅಪ್ಪಾ."

ತಾತ ಮಣೆಯನ್ನು ನೋಡಲೇ ಇಲ್ಲ. ಅವಳ ಮುಖವನ್ನೇ ನೋಡುತ್ತಿದ್ದರು. "ಕೇಳುಸ್ಲಿಲ್ಲ ಕಣವ್ವ. ಇನ್ನೊಂದ್ಸಲ ಹೇಳು."

ಆ ಆಟದಲ್ಲಿ ಯಾರು ಗೆದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಉಳಿದ ನಡೆಗಳನ್ನು ನಾನು ಓದಲಿಲ್ಲ, ಅವರು ಕೇಳಲೂ ಇಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ತಾತ ಇರಲಿಲ್ಲ. ಹೋದ ವರ್ಷ ಅತ್ತೆಯೂ ಹೋದಳು. ತಾತನ ಕಿವಿ ಕೊನೆಯವರೆಗೂ ಚುರುಕಾಗಿಯೇ ಇತ್ತೆಂದು ನೆನೆದು ಜೊತೆಗೆ ನಗಲು ಈಗ ನನಗೆ ಯಾರೂ ಉಳಿದಿಲ್ಲ.