ಹತ್ತಿಯಕ್ಕನ ಎಡಗೆನ್ನೆ

ಹಾಸಿಗೆ ಅಂಗಡಿಯಲ್ಲಿ ಹತ್ತಿ ತುಂಬುವ ಆಕೆಯನ್ನು ಬೀದಿಯವರೆಲ್ಲ ಹತ್ತಿಯಕ್ಕ ಎಂದೇ ಕರೆಯುತ್ತಿದ್ದರು. ಸಂಜೆ ಮನೆಗೆ ಹೊರಟಾಗ ಅವಳ ತಲೆ, ಹುಬ್ಬು, ತೋಳುಗಳ ತುಂಬ ಬಿಳಿ ಎಳೆಗಳು. ನಾಲಿಗೆ ಮಾತ್ರ ಹತ್ತಿಯಲ್ಲ; ಅಂಗಡಿ ಯಜಮಾನನೂ ಅದಕ್ಕೆ ಹೆದರುತ್ತಿದ್ದ. ಅಂಥವಳು ಹೆತ್ತ ತಂದೆಯ ಕೈಗೆ ಹೆದರಿ ಬಾಗಿಲ ಮರೆಯಲ್ಲಿ ನಿಲ್ಲುವಂತಾದದ್ದು ಎಡಗೆನ್ನೆಯ ದೆಸೆಯಿಂದ.

ಹಿಂದೊಮ್ಮೆ ಆ ಕೆನ್ನೆಯೊಳಗೆ ಗಡ್ಡೆ ಬೆಳೆದಿತ್ತು. ತೆಗೆಸಿದಳು. ಜೀವ ಉಳಿಯಿತು, ಗಡ್ಡೆಯಿದ್ದಲ್ಲಿ ಹಳ್ಳವೊಂದು ಉಳಿಯಿತು. ಅಪ್ಪನ ಕಣ್ಣು ಯಾವಾಗಲೋ ಹೋಗಿತ್ತು, ಈಚೆಗೆ ನೆನಪೂ ಅದೇ ದಾರಿ ಹಿಡಿದಿತ್ತು. ಅವಳು ತಟ್ಟೆ ಹಿಡಿದು ಕೂತರೆ ಮುದುಕ ಮೊದಲು ಕೈಚಾಚಿ ಕೆನ್ನೆ ತಡವುತ್ತಿದ್ದ. ಬೆರಳಿಗೆ ಹಳ್ಳ ಸಿಕ್ಕಮೇಲೇ ಬಾಯಿ ತೆರೆಯುತ್ತಿದ್ದ. ಗಡ್ಡೆಯ ಸಂಗತಿ ಎಷ್ಟು ಹೇಳಿದರೂ ಅವನ ತಲೆಯಲ್ಲಿ ನಿಲ್ಲಲಿಲ್ಲ. ಮಗಳು ತಾನು ಉಪವಾಸವಿದ್ದು ತನಗೆ ತಿನ್ನಿಸುತ್ತಾಳೆ, ಅದಕ್ಕೇ ಕೆನ್ನೆ ಬತ್ತಿದೆ ಎಂದು ಅವನ ತೀರ್ಮಾನ. ದಿನಾ ಅದೇ ಬೈಗುಳ.

ಹಳ್ಳ ತುಂಬಿಸಬಹುದೆಂದು ತಂಗಿ ಎಲ್ಲೋ ಕೇಳಿಕೊಂಡು ಬಂದು ಅವಳನ್ನು ಆಸ್ಪತ್ರೆಗೆ ಎಳೆದೊಯ್ದಳು. ಹೊಟ್ಟೆಯ ಕೊಬ್ಬನ್ನು ಸಣ್ಣ ಕೊಳವೆಯಿಂದ ತೆಗೆದು, ಶುದ್ಧಮಾಡಿ, ಕೆನ್ನೆಯೊಳಗೆ ಹನಿಹನಿಯಾಗಿ ಹರಡುತ್ತೇವೆ, ಒಂದೇ ಕಡೆ ಮುದ್ದೆ ಸುರಿದರೆ ನಡುವಿನದಕ್ಕೆ ರಕ್ತ ತಲುಪದೆ ಸಾಯುತ್ತದೆ ಎಂದರು ಡಾಕ್ಟರಮ್ಮ. ಹಿಂಜದೆ ತುರುಕಿದ ಹತ್ತಿ ಗಂಟುಗಟ್ಟುವುದನ್ನು ಕಂಡವಳಿಗೆ ಇದು ಬೇಗ ಅರ್ಥವಾಯಿತು. ಅರ್ಥವಾದದ್ದೇ ಹೆದರಿಕೆಗೆ ಮೂಲವಾಯಿತು.

“ಹೊಸ ರಕ್ತನಾಳ ಬರೋವರೆಗೂ ಅದು ಅಕ್ಕಪಕ್ಕದಿಂದ ಹೀರ್ಕೊಂಡು ಬದುಕಬೇಕು. ಒತ್ತಬಾರದು, ಐಸ್ ಇಡಬಾರದು, ಆ ಮಗ್ಗುಲಲ್ಲಿ ಮಲಗಬಾರದು. ಎಷ್ಟೇ ಜೋಪಾನ ಮಾಡಿದ್ರೂ ಸ್ವಲ್ಪ ಕರಗೇ ಕರಗುತ್ತೆ,” ಎಂದಿದ್ದರು ಅವರು.

ಕೊನೆಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ. ಅವಳದು ಕಡ್ಡಿಯಂಥ ಮೈ, ಹೊಟ್ಟೆಯಲ್ಲಿ ಅಷ್ಟು ಕೊಬ್ಬು ಸಿಕ್ಕಿದ್ದೇ ಹೆಚ್ಚು. ಊರವರಿಗೆಲ್ಲ ಕೊಬ್ಬು ಕರಗದಲ್ಲ ಎಂಬ ಚಿಂತೆ, ಇವಳಿಗೆ ಕರಗಿಬಿಟ್ಟೀತೆಂಬ ಚಿಂತೆ. ಇದು ಸತ್ತರೆ ಮತ್ತೆ ತೆಗೆಯಲು ಏನೂ ಉಳಿದಿರಲಿಲ್ಲ.

ಕೊಬ್ಬು ತುಂಬಿಸಿಕೊಂಡು ಮನೆಗೆ ಬಂದವಳು ಅಪ್ಪನ ಮುಂದೆ ಉಪಾಯವಾಗಿ ಬಲಗೆನ್ನೆ ಕೊಟ್ಟು ಕೂತಳು. ಮುದುಕ ತಡವಿದ. ಹಳ್ಳವಿಲ್ಲ. ಬೆರಳು ಮೇಲೆ ಕೆಳಗೆ ಹುಡುಕಾಡಿ ನಿಂತುಹೋಯಿತು.

“ನೀನ್ಯಾರಮ್ಮ? ನನ್ನ ಮಗಳೆಲ್ಲಿ?”

“ನಾನೇ ಅಪ್ಪ.”

ಊದಿದ ಬಾಯಿಂದ ಹೊರಟ ದನಿ ಅವಳಿಗೇ ಅಪರಿಚಿತವಾಗಿತ್ತು. ಮುದುಕ ತಟ್ಟೆ ತಳ್ಳಿದ. ಅವನ ಕೈ ಎಡಗೆನ್ನೆಯತ್ತ ಬಂತು. ಅವಳು ಗಾಬರಿಯಿಂದ ಮಣಿಕಟ್ಟು ಹಿಡಿದಳು. ಕಣ್ಣಿಲ್ಲದವನ ಕೈಯನ್ನು ಯಾರೋ ಹಿಡಿದುಕೊಂಡರೆ ಅವನು ತಾನೇ ಏನು ಮಾಡಿಯಾನು? ಕೊಸರಿದ. ಇನ್ನೊಂದು ಕೈ ಬೀಸಿ ಬಂದು ಹೊಸ ಕೆನ್ನೆಗೆ ಬಡಿಯಿತು.

ಅತ್ತ ದರಿ, ಇತ್ತ ಪುಲಿ. ಅಂದಿನಿಂದ ಊಟ ಮಾಡಿಸುವ ಕೆಲಸ ತಂಗಿಯದಾಯಿತು. ಅಪ್ಪ ಅವಳನ್ನು ಯಾರೋ ನರ್ಸು ಎಂದುಕೊಂಡು ಎರಡು ತುತ್ತು ತಿಂದು, ದೊಡ್ಡವಳು ಯಾವಾಗ ಬರುತ್ತಾಳೆ ಎಂದು ವಿಚಾರಿಸುತ್ತಿದ್ದ. ದೊಡ್ಡವಳು ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದಳು.

ಹೆದರಿದವರ ಮೇಲೆ ಹಾವೆಸೆದ ಹಾಗೆ, ಕೆನ್ನೆ ಇಳಿಯತೊಡಗಿತು. ಇಂದು ನೋಡಿದ್ದಕ್ಕಿಂತ ನಾಳೆ ಸಣ್ಣದು. ಅಪ್ಪನ ಏಟಿಗೆ ಒಳಗಿನದೆಲ್ಲ ಸತ್ತು ಕೊಳೆಯುತ್ತಿದೆ ಎಂದೇ ಅವಳು ನಂಬಿದಳು. ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದಳು. ಡಾಕ್ಟರಮ್ಮ ಬರಹೇಳಿದ ದಿನ ಹೋಗಲಿಲ್ಲ. ಸತ್ತಿದೆ ಎಂಬ ಮಾತನ್ನು ಅವರ ಬಾಯಿಂದ ಕೇಳುವ ಧೈರ್ಯವಿರಲಿಲ್ಲ. ಅಂಗಡಿಯಲ್ಲಿ ದಿಂಬು ಒತ್ತಿ ನೋಡುವ ಕೆಲಸವನ್ನೂ ಬೇರೆಯವರಿಗೆ ಬಿಟ್ಟಳು.

ಮೂರು ತಿಂಗಳು ಹೀಗೇ ಕಳೆದಮೇಲೆ ತಂಗಿ ಮತ್ತೆ ಎಳೆದೊಯ್ದಳು. ಡಾಕ್ಟರಮ್ಮ ಕೆನ್ನೆಯನ್ನು ಬೆರಳಿಂದ ಅಲ್ಲಲ್ಲಿ ಒತ್ತಿದರು. ಗಂಟಿಲ್ಲ, ಮೆತ್ತಗಿದೆ ಎಂದರು. ಆಗ ಅವಳು ಅಪ್ಪನ ಏಟಿನ ಕತೆಯನ್ನೆಲ್ಲ ಹೇಳಿ ಅತ್ತಳು.

“ಒಂದೇಟಿಗೆ ಎಲ್ಲಾ ಸಾಯಲ್ಲಮ್ಮ. ಇಳಿದಿದ್ದು ಬಾವು, ಜೊತೆಗೆ ಕರಗಬೇಕಾದ್ದು ಕರಗಿದೆ. ಉಳಿದಿದ್ದು ಇನ್ನು ನಿಮ್ದೇ. ಮುಟ್ಟಿಸ್ಕೊಳ್ಳಿ.”

ದಾರಿಯಲ್ಲಿ ಅವಳಿಗೆ ನೆಮ್ಮದಿಯಾಗಬೇಕಿತ್ತು, ಹೊಸ ಹೆದರಿಕೆ ಹುಟ್ಟಿತು. ಕೆನ್ನೆ ಬದುಕಿತು, ಸರಿ. ಹಳ್ಳವೇ ಇಲ್ಲದಮೇಲೆ ಅಪ್ಪ ತನ್ನನ್ನು ಯಾವುದರಿಂದ ಗುರುತು ಹಿಡಿಯಬೇಕು?

ಅಂದು ತಟ್ಟೆಯನ್ನು ತಾನೇ ಹಿಡಿದು ಕೂತಳು. ಅಪ್ಪನ ಕೈಯೆತ್ತಿ ಎಡಗೆನ್ನೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಒರಟು ಬೆರಳು ಕಿವಿಯ ಬಳಿಯಿಂದ ಹೊರಟಿತು. ತುಂಬಿದ ಜಾಗದಲ್ಲಿ ಅನುಮಾನಿಸಿ ನಿಂತಿತು. ಬೆರಳು ಇನ್ನೂ ಕೆಳಗೆ ಸರಿದು, ಬಾಯಂಚಿನ ಹತ್ತಿರ, ಕೊಬ್ಬು ಕರಗಿ ಉಳಿದಿದ್ದ ಸಣ್ಣ ತಗ್ಗಿನೊಳಗೆ ಹೋಗಿ ಕೂತಿತು.

“ಅಂತೂ ಬಂದೆಯಾ,” ಎಂದ ಮುದುಕ. “ಈಗೀಗ ಸ್ವಲ್ಪ ತಿಂತಾ ಇದ್ದೀಯ. ಇಷ್ಟೇ ಬಾಕಿ ನೋಡು. ಇವತ್ತು ಮೊದಲು ನೀನು ಉಣ್ಣು.”

ಅವಳು ಅಪ್ಪನ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡಳು. ಅವಳು ಅಗಿದು ನುಂಗುವವರೆಗೂ ಮುದುಕ ಕೆನ್ನೆಯಿಂದ ಕೈ ತೆಗೆಯಲಿಲ್ಲ.