ಬಸರಿ ಬೇರಿನ ಮೋಜಣಿ

ಒಂದು ಮರದ ಬೇರು ಎಲ್ಲಿಗೆ ಹೋಗುತ್ತದೆ ಎಂದು ನೋಡುವುದೇ ನನ್ನ ಸರಕಾರಿ ನೌಕರಿಯಾಗಿದ್ದ ಒಂದು ಬೇಸಿಗೆ ಇತ್ತು. ಈಗ ಹೇಳಿದರೆ ನನ್ನ ಮನೆಯವರೇ ನಂಬುವುದಿಲ್ಲ.

ಎರಡನೆಯ ಮಹಾಯುದ್ಧ ಇನ್ನೂ ಸುರುವಾಗಿರಲಿಲ್ಲ. ನಾನು ಅರಣ್ಯ ಖಾತೆಯಲ್ಲಿ ಮೋಜಣಿದಾರ. ಜೋಯಿಡಾದ ಕಾಡಿನಲ್ಲಿ ಸರಪಳಿ ಎಳೆದು ಗಡಿಕಲ್ಲು ನೆಡಿಸುವ ಕೆಲಸ. ಅಲ್ಲಿ ಚಳಿಜ್ವರ ಹತ್ತಿ ನಡುಗುತ್ತ ಹಳಿಯಾಳದ ಕಚೇರಿಗೆ ಬಂದು ಬಿದ್ದೆ. ಮಳೆಗಾಲ ಮುಗಿಯುವ ತನಕ ಕಾಡಿಗೆ ಕಳಿಸಬಾರದು ಎಂದು ಡಾಕ್ಟರು ಬರೆದುಕೊಟ್ಟರು. ನಮ್ಮ ಇಂಗ್ಲಿಷ್ ಸಾಹೇಬರಿಗೆ ಸುಮ್ಮನೆ ಕುಳಿತ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ.

ಅದೇ ವೇಳೆಗೆ ಪೇಟೆ ಬೀದಿಯ ಬಸರಿ ಮರದ ಜಗಳ ಜೋರಾಗಿತ್ತು. ಮರದಿಂದ ಹತ್ತು ಹೆಜ್ಜೆ ಆಚೆಗೆ ರಸ್ತೆ ಗೂನು ಬೆನ್ನಿನ ಹಾಗೆ ಉಬ್ಬಿತ್ತು. ದಾಂಡೇಲಿ ಕಡೆಯಿಂದ ಸಾಗವಾನಿ ದಿಮ್ಮಿ ಹೇರಿಕೊಂಡು ಬರುವ ಬಂಡಿಗಳ ಗಾಲಿ ಅಲ್ಲಿಯೇ ಕಳಚುತ್ತಿದ್ದವು. ಮರ ಕಡಿಸಬೇಕೆಂದು ಪುರಸಭೆಯ ಅಧ್ಯಕ್ಷರು ಬರೆದರು. ಮರ ನೆಟ್ಟದ್ದು ಅರಣ್ಯ ಖಾತೆ, ಸುಮ್ಮನೆ ಕಡಿಸಲಾಗದು, ರಸ್ತೆ ಉಬ್ಬಿಸಿದ್ದು ಅದರ ಬೇರೇ ಎಂಬುದಕ್ಕೆ ಪುರಾವೆ ಏನು ಎಂದು ಸಾಹೇಬರು ತಿರುಗಿ ಬರೆದರು. ಇನ್ನಾರ ಬೇರು ಎಂದು ಅಧ್ಯಕ್ಷರು ಮತ್ತೆ ಬರೆದರು. ಎರಡೂ ಕಚೇರಿಗಳು ಒಂದೇ ಬೀದಿಯ ಆಚೆ ಈಚೆ ಇದ್ದವು. ಕಾಗದ ಒಯ್ಯುವ ಸಿಪಾಯಿ ನಡುವೆ ಅದೇ ಮರದ ನೆರಳಿಗೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ಕಡೆಗೆ ಸಾಹೇಬರು ನನ್ನನ್ನು ಕರೆದರು. ಉಬ್ಬಿನ ಕಡೆಗೆ ಹೋಗುವ ದೊಡ್ಡ ಬೇರನ್ನು ಹಿಡಿಯಬೇಕು, ಅದಕ್ಕೆ ಗಾಯ ಮಾಡದೆ ತುದಿಯ ತನಕ ಮಣ್ಣು ಬಿಡಿಸಬೇಕು, ಅಳತೆಯಂತೆ ನಕಾಶೆ ಬರೆಯಬೇಕು, ತೆಗೆದ ಮಣ್ಣಿನಿಂದಲೇ ಮೊದಲಿನಂತೆ ಮುಚ್ಚಬೇಕು. ಹುಕುಂ ಇಷ್ಟು.

ನನಗೆ ನೆಲದ ಮೇಲಿನದು ಗೊತ್ತಿತ್ತು, ಕೆಳಗಿನದು ಗೊತ್ತಿರಲಿಲ್ಲ. ಊರಿನ ಅರ್ಧ ಬಾವಿಗಳನ್ನು ತೋಡಿದ ಒಬ್ಬ ಮುಸಲ್ಮಾನ ಮಿಸ್ತ್ರಿ ಇದ್ದರು, ಅರವತ್ತು ದಾಟಿದವರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಅವರ ಮನೆಗೆ ಹೋಗಿ ಕೆಲಸ ವಿವರಿಸಿದೆ. ಪೂರಾ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದರು.

“ಬೇರು ಸಿಕ್ಕ ಮ್ಯಾಲೆ ಏನ್ ಮಾಡೂದ್ರಿ ರಾಯರ?”

“ಅಳತಿ ಬರಕೊಳ್ಳೂದು.”

“ಆಮ್ಯಾಲೆ?”

“ಮುಚ್ಚೂದು.”

ನೀರಿಗಾಗಿ ತೋಡಿದ್ದೇನೆ, ಒಮ್ಮೆ ಯಾರದೋ ಬಾವಿಗೆ ಬಿದ್ದ ಮೂಗುತಿಗಾಗಿಯೂ ತೋಡಿದ್ದೇನೆ, ಹೀಗೆ ಯಾವಾಗಲೂ ಇಲ್ಲ ಎಂದರು ಚಾಚಾ. ಆದರೂ ಮರುದಿನ ಬೆಳಗಾಗುತ್ತಲೇ ಕುರ್ಚಿಗಿ, ಬುಟ್ಟಿ, ಒಂದು ಹಳೆಯ ಪೊರಕೆ ಹಿಡಿದು ಮರದ ಬುಡಕ್ಕೆ ಬಂದು ನಿಂತಿದ್ದರು. ಗುದ್ದಲಿ ತಂದಿರಲಿಲ್ಲ. ಗಾಯ ಆಗಬಾರದಲ್ಲ ಎಂದರು.

ಕಳೆ ಕೀಳುವ ಆ ಪುಟ್ಟ ಕುರ್ಚಿಗಿಯಿಂದ ಕೆರೆಯುತ್ತ, ಪೊರಕೆಯಿಂದ ಗುಡಿಸುತ್ತ ನಾವು ದಿನಕ್ಕೆ ಮೂರು ನಾಲ್ಕು ಮೊಳ ಮುಂದೆ ಹೋಗುತ್ತಿದ್ದೆವು. ಸಾಹೇಬರು ಸಂಜೆ ಬಂದು ಬಗ್ಗಿ ನೋಡುತ್ತಿದ್ದರು. ಒಂದು ದಿನ ಬೇರಿನ ಸಿಪ್ಪೆಯ ಮೇಲೆ ಬೆರಳುದ್ದದ ಗೀರು ಕಂಡಿತು. ಅದು ಹೇಗಾಯಿತು ಎಂದು ಲಿಖಿತ ಕೈಫಿಯತ್ತು ಕೇಳಿದರು. ನಾನು ಮರದ ನೆರಳಿನಲ್ಲಿಯೇ ಕುಳಿತು ಬರೆದುಕೊಟ್ಟೆ.

ಆರನೆಯ ದಿನ ಉಬ್ಬಿನ ಕೆಳಗೆ ಬಂದೆವು. ಅಲ್ಲಿ ಇದ್ದದ್ದು ಒಂದು ಹಳೆಯ ಗಾಣದ ಕಲ್ಲು. ಯಾವ ಕಾಲದಲ್ಲಿ ಯಾರು ಹೂತಿದ್ದರೋ, ಸುತ್ತಲಿನ ಮಣ್ಣು ಸವೆದು ಅದೇ ಮೇಲೆದ್ದು ಕುಳಿತಿತ್ತು. ಬಸರಿ ಬೇರು ಅದಕ್ಕೆ ಮೈ ತಾಗಿಸದೆ ಪಕ್ಕದಿಂದ ಹಾದುಹೋಗಿತ್ತು. ಮರದ ತಪ್ಪಿಲ್ಲ, ಕೆಲಸ ಮುಗಿಯಿತು ಎಂದು ನಾನು ಖುಷಿಯಿಂದ ವರದಿ ಒಯ್ದೆ. ಹುಕುಮಿನಲ್ಲಿ ತುದಿಯ ತನಕ ಎಂದು ಇದೆಯಲ್ಲ ಎಂದರು ಸಾಹೇಬರು. ಅಧ್ಯಕ್ಷರೂ ಅದನ್ನೇ ಹೇಳಿದರು: ಇಲ್ಲಿ ಅಲ್ಲದಿದ್ದರೆ ಆ ಬೇರು ಮುಂದೆ ಇನ್ನೆಲ್ಲೋ ಏನನ್ನೋ ಎತ್ತಿಯೇ ಇರುತ್ತದೆ, ಬಿಡಬೇಡಿ. ಆ ಒಂದು ವರ್ಷದಲ್ಲಿ ಎರಡು ಕಚೇರಿಗಳು ಒಪ್ಪಿದ ಮಾತು ಅದೊಂದೇ. ಗಾಣದ ಕಲ್ಲನ್ನು ಮೇಲೆತ್ತುವ ಬಗ್ಗೆ ಮಾತ್ರ ಇಬ್ಬರೂ ಏನೂ ಹೇಳಲಿಲ್ಲ, ಹಾಗಾಗಿ ಅದು ಅಲ್ಲಿಯೇ ಉಳಿಯಿತು.

ನಾವು ಮುಂದುವರಿದೆವು. ಅಂಗಡಿಗಳ ಮುಂದೆ ಹಾಸಿದ ಹಲಗೆಗಳ ಮೇಲೆ ಗಿರಾಕಿಗಳು ದಾಟುತ್ತಿದ್ದರು. ಬೇರು ಎಲ್ಲಿಗೆ ಬಂತು ಎಂದು ದಿನವೂ ಕೇಳುತ್ತಿದ್ದರು, ದೂರದ ಊರಿನಿಂದ ಹೊರಟ ಬೀಗರನ್ನು ವಿಚಾರಿಸಿದ ಹಾಗೆ. ಅರಿವೆ ಅಂಗಡಿಯವರು ನನ್ನನ್ನು ಬದಿಗೆ ಕರೆದು, ಸಾಧ್ಯವಾದರೆ ಅದನ್ನು ಎದುರಿನ ಸಾಲಿನ ಕಡೆಗೆ ತಿರುಗಿಸಿರಿ ಎಂದು ವಿನಯದಿಂದ ಕೇಳಿಕೊಂಡರು. ನಾನು ಅದನ್ನು ಬೆಳೆಸುತ್ತಿಲ್ಲ, ನೋಡುತ್ತಿದ್ದೇನೆ ಅಷ್ಟೇ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ನಾಲ್ಕನೆಯ ವಾರ ಬೇರು ಬೀದಿ ಬಿಟ್ಟು ಒಂದು ಓಣಿಗೆ ತಿರುಗಿತು. ಅಲ್ಲಿಯವರೆಗೆ ಸಣ್ಣಗಾಗುತ್ತ ಬಂದದ್ದು ಓಣಿಯೊಳಗೆ ಮತ್ತೆ ದಪ್ಪಗಾಗತೊಡಗಿತು. ಅಲ್ಲಿಂದ ಅದು ಅತ್ತಿತ್ತ ನೋಡಲಿಲ್ಲ. ನೆಟ್ಟಗೆ ಹೋಗಿ ಒಂದು ಮನೆಯ ಹೊಸ್ತಿಲ ಕೆಳಗೆ ನುಗ್ಗಿತು.

ಅದು ಬಂಡಿಯವರಿಗೆ ಊಟ ಹಾಕುವ ಖಾನಾವಳಿ. ನಡೆಸುತ್ತಿದ್ದವಳು ಗಂಡ ಸತ್ತ ಒಬ್ಬ ಗಟ್ಟಿ ಹೆಂಗಸು, ಎಲ್ಲರಿಗೂ ಆಯಿ. ಜೋಳದ ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೂ ಕೇಳುತ್ತಿತ್ತು. ನಾನೂ ಅಲ್ಲಿಯೇ ಉಣ್ಣುತ್ತಿದ್ದೆ. ಒಳಗಿನ ಕೋಣೆಯಲ್ಲಿ ಹನ್ನೊಂದು ವರ್ಷದ ಹಿಂದೆ ನೆಲ ಸೀಳಿ ಈಶ್ವರ ಎದ್ದಿದ್ದ. ಬೋಗುಣಿ ಬೋರಲು ಹಾಕಿದಷ್ಟು ದೊಡ್ಡ ಉಬ್ಬು, ಮೇಲೆ ವಿಭೂತಿ, ಪತ್ರಿ. ಸೋಮವಾರ ಬಂಡಿಯವರೆಲ್ಲ ಅಲ್ಲಿ ಕಾಯಿ ಒಡೆಸಿಯೇ ಕಾಡಿನ ದಾರಿ ಹಿಡಿಯುತ್ತಿದ್ದರು.

ಚಾಚಾ ಹೊಸ್ತಿಲ ಕೆಳಗೆ ಕೈ ತೂರಿಸಿ ಬೇರನ್ನು ಸವರಿದರು. ಆಮೇಲೆ ಕಣ್ಣು ಕಿರಿದು ಮಾಡಿ, ಬೇರಿನ ನೇರಕ್ಕೆ ಮನೆಯೊಳಗೆ ನೋಡಿದರು. ಆ ನೇರ ಎಲ್ಲಿಗೆ ಮುಟ್ಟುತ್ತದೆ ಎಂದು ನನಗೂ ಅದೇ ಕ್ಷಣ ತಿಳಿಯಿತು. ಚಾಚಾ ಹಿಂದಕ್ಕೆ ಸರಿದು ಕುಳಿತು ಬೀಡಿ ಹಚ್ಚಿದರು.

“ಬೇರು ಇಲ್ಲಿಗೆ ಮುಗೀತು ಅಂತ ಬರಕೋರಿ ರಾಯರ.”

“ಮುಗಿದಿಲ್ಲಲ್ಲ ಚಾಚಾ, ಒಳಗ ಹೋಗೇತಿ.”

“ನಾವು ಬೀದಿ ನೋಡಾಕ ಬಂದವರು. ಮಂದಿ ದೇವರ ಮನಿಯಾಗ ಏನೈತಿ ಅಂತ ನೋಡಾಕ ನಮಗ್ಯಾರು ಹೇಳ್ಯಾರ?”

ಎರಡು ದಿನ ನಾನು ನಕಾಶೆ ಮುಟ್ಟಲಿಲ್ಲ. ಮೂರನೆಯ ದಿನ, ಬೇರು ಹೊಸ್ತಿಲಿಗೆ ಒಂದು ಮೊಳ ಈಚೆಗೆ ಥಟ್ಟನೆ ಹಿಂದಕ್ಕೆ ತಿರುಗಿ ತುದಿ ಮುಟ್ಟಿತು ಎಂದು ಗೆರೆ ಎಳೆದೆ. ನೌಕರಿಯಲ್ಲಿ ನಾನು ಎಳೆದ ಮೊದಲ ಸುಳ್ಳು ಗೆರೆ ಅದು. ಉಳಿದವುಗಳಿಗಿಂತ ಚೆನ್ನಾಗಿಯೂ ಬಂದಿತ್ತು. ಚಾಚಾ ಆ ಜಾಗಕ್ಕೆ ಮೊದಲ ಸಂಜೆ ಸಾಹೇಬರು ಬರುವ ಮುಂಚೆಯೇ ಮಣ್ಣು ಎಳೆದು ಮುಗಿಸಿದ್ದರು.

ಬೇರು ಯಾಕೆ ತಿರುಗಿತು ಎಂದು ಸಾಹೇಬರು ಕೇಳಿದರು. ಗೋಡೆಯ ಆಚೆ ಖಾನಾವಳಿಯ ಒಲೆ ದಿನವಿಡೀ ಉರಿಯುತ್ತದೆ, ಅದರ ಕಾವಿಗೆ ಇರಬಹುದು ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ.

ಸಾಹೇಬರ ಮುಖ ಬದಲಾಯಿತು. ಜೇಬಿನಿಂದ ಪುಸ್ತಕ ತೆಗೆದರು. ಎಷ್ಟು ಒಲೆ, ಯಾವ ಸೌದೆ, ಎಷ್ಟು ಹೊತ್ತಿಗೆ ಹಚ್ಚುತ್ತಾರೆ ಎಂದೆಲ್ಲ ಕೇಳಿ ಬರೆದುಕೊಂಡರು. ಮೂರು ದಿನ ಬಂದು ಹೊರಗೋಡೆಗೆ ಉಷ್ಣಮಾಪಕ ಹಿಡಿದು ನಿಂತರು. ಬೇರುಗಳಿಗೆ ಬೆಂಕಿಯ ಅರಿವು ದೂರದಿಂದಲೇ ಆಗುತ್ತದೆ ಎಂದು ಎಂಟು ಪುಟದ ಪ್ರಬಂಧ ಬರೆದರು. ಅದನ್ನು ಶುದ್ಧಪ್ರತಿ ಮಾಡಿದವನು ನಾನೇ. ಉತ್ತರದ ಯಾವುದೋ ಅರಣ್ಯ ವಿದ್ಯಾಲಯಕ್ಕೆ ಅದನ್ನು ಟಪಾಲಿಗೆ ಹಾಕಿದ ದಿನ ಅವರು ನನ್ನ ಕೈ ಕುಲುಕಿದರು. ಅಂದು ನನಗೆ ಅನ್ನ ಸೇರಲಿಲ್ಲ.

ಗುಂಡಿ ಮುಚ್ಚುವಾಗ ಚಾಚಾ ಎಚ್ಚರಿಕೆ ಕೊಟ್ಟರು: ಬರೀ ಮಣ್ಣು ಹಾಕಿದರೆ ಮಳೆಗೆ ಕುಸಿಯುತ್ತದೆ, ಕಲ್ಲು ಹಾಕಿ ಕುಟ್ಟಬೇಕು. ಕಚೇರಿಯಲ್ಲಿ ಕೇಳಿದೆ. ತೆಗೆದ ಮಣ್ಣಿನಿಂದಲೇ ಎಂದು ಹುಕುಂ ಇದೆ, ಕಲ್ಲು ಬರುವುದಿಲ್ಲ ಎಂದರು.

ಮಿರ್ಗದ ಮಳೆ, ಮಳೆಗಾಲದ ಮೊದಲ ಮಳೆ, ಹೊಡೆಯಿತು. ಎರಡೇ ದಿನಕ್ಕೆ ನಾವು ತೋಡಿದ ಜಾಗವಷ್ಟೂ ಕುಸಿದು ನೀರು ತುಂಬಿತು. ಬಸರಿ ಮರದಿಂದ ಹೊರಟು, ಗಾಣದ ಕಲ್ಲಿನ ಪಕ್ಕ ಹಾದು, ಅಂಗಡಿಗಳ ಮುಂದಿನಿಂದ ಓಣಿಗೆ ತಿರುಗಿ, ಕೆಂಪು ನೀರಿನ ಒಂದು ಗೆರೆ ಖಾನಾವಳಿಯ ಹೊಸ್ತಿಲ ತನಕ ನೆಟ್ಟಗೆ ಎಳೆದಿತ್ತು. ಎಲ್ಲಿಯೂ ಹಿಂದಕ್ಕೆ ತಿರುಗಿರಲಿಲ್ಲ. ಊರಿಗೆ ಊರೇ ಛತ್ರಿ ಹಿಡಿದು ನಿಂತು ಆ ನಕಾಶೆ ನೋಡಿತು.

ಸಾಹೇಬರೂ ಬಂದರು. ನನ್ನ ಕಾಗದದ ನಕಾಶೆ ಬಿಡಿಸಿ ಹಿಡಿದು, ನೀರಿನ ಗುಂಟ ನಡೆದರು. ಹಿಂದೆ ನಾನು. ಹೊಸ್ತಿಲ ಮುಂದೆ ನಿಂತು ನಕಾಶೆ ನೋಡಿದರು, ನೀರು ನೋಡಿದರು, ನನ್ನನ್ನು ನೋಡಲಿಲ್ಲ. ಅಷ್ಟರಲ್ಲಿ ಆಯಿ ಬಾಗಿಲಿಗೆ ಬಂದು, ತೋಯಿಸಿಕೊಳ್ಳುತ್ತ ಯಾಕೆ ನಿಂತಿರಿ, ಒಳಗೆ ಬರ್ರಿ ಎಂದು ಕರೆದಳು. ಸಾಹೇಬರು ಬೂಟು ಕಳಚಿ ಒದ್ದೆ ಕಾಲುಚೀಲದಲ್ಲಿಯೇ ಒಳಗೆ ಬಂದರು.

ಪೂಜೆಯ ಹೊತ್ತು. ಆಯಿ ಒಂದು ಕೊಡ ನೀರನ್ನು ಆ ಉಬ್ಬಿನ ಮೇಲೆ ನಿಧಾನಕ್ಕೆ ಸುರಿದಳು. ನೀರು ನೆಲದ ಬಿರುಕಿನಲ್ಲಿ ಇಂಗಿ ಕೆಳಗಿನ ಬೇರಿಗೆ ಹೋಯಿತು. ಸಾಹೇಬರ ಕುತ್ತಿಗೆ ಕೆಂಪಾಗುತ್ತ ಬಂದದ್ದು ಹಿಂದೆ ನಿಂತ ನನಗೆ ಕಾಣುತ್ತಿತ್ತು. ಇದು ದಿನಾ ನಡೆಯುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ನಾನು ಆಯಿಗೆ ಕೇಳಿದೆ.

“ದಿನಾ ಒಂದು ಕೊಡ. ಬ್ಯಾಸಗ್ಯಾಗ ಎರಡು,” ಎಂದಳು ಆಯಿ. ಆಮೇಲೆ ನನ್ನ ಮುಖ ನೋಡಿ ಅಂದಳು: “ಇದು ಬೇರು ಅಂತ ಹೇಳಾಕ ಬಂದೀರೇನು ತಮ್ಮಾ? ನನಗ ಗೊತ್ತೈತಿ. ಕಲ್ಲು ವರ್ಷಾ ವರ್ಷಾ ದಪ್ಪ ಆಗತೈತೇನು? ಮೊದಲ ಎರಡು ವರ್ಷ ತಿಳಿದಿರಲಿಲ್ಲ. ಆಮ್ಯಾಲೆ ತಿಳೀತು. ಅಷ್ಟು ದೂರದಿಂದ ನನ್ನ ಮನಿ ಹುಡುಕ್ಕೊಂತ ಬಂದೈತಿ. ಬರೇ ಬೇರು ಅಂತ ನೀರು ಹಾಕೂದು ಬಿಡಾಕ ಬರತೈತೇನು?”

ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ನನ್ನ ವ್ಯಾಕರಣವೆಲ್ಲ ತಪ್ಪಿತು. ಆದರೂ ಸಾಹೇಬರಿಗೆ ಅರ್ಥವಾಯಿತು. ಅಳತೆ ತೆಗೆದುಕೊಳ್ಳಲೇ ಎಂದು ಕೈಯಲ್ಲಿ ಟೇಪು ಹಿಡಿದು ಸನ್ನೆ ಮಾಡಿದರು. ಮುಟ್ಟಬೇಡಿರಿ, ಅಳತೆ ತನ್ನ ಬಳಿ ಇದೆ ಎಂದು ಆಯಿ ಗೂಡಿನಿಂದ ಒಂದು ಡಬ್ಬಿ ತಂದಳು. ಅದರಲ್ಲಿ ಹನ್ನೊಂದು ದಾರಗಳಿದ್ದವು. ಪ್ರತಿ ಶಿವರಾತ್ರಿಗೆ ಉಬ್ಬಿನ ಸುತ್ತ ಅಳೆದು ಕತ್ತರಿಸಿಟ್ಟದ್ದು. ಸಾಹೇಬರು ನೆಲದ ಮೇಲೆ ಕುಳಿತು ಒಂದೊಂದೇ ದಾರವನ್ನು ಸಾಲಾಗಿ ಚಾಚಿದರು. ಒಂದಕ್ಕಿಂತ ಒಂದು ಉದ್ದ. ಎಂಟು ಪುಟದಲ್ಲಿ ಇಲ್ಲದ್ದು ಆ ದಾರಗಳಲ್ಲಿ ಇತ್ತು. ಆಯಿ ಇಬ್ಬರಿಗೂ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹಾಕಿದಳು. ಅವರು ಮೂರು ರೊಟ್ಟಿ ತಿಂದರು.

ಕಚೇರಿಗೆ ಹೋದ ಮೇಲೆ ಎಲ್ಲವನ್ನೂ ಒಪ್ಪಿಕೊಂಡೆ. ಸಾಹೇಬರು ಬೈಯಲಿಲ್ಲ. ನಕಲು ಮಾಡುವಾಗ ತಪ್ಪಾಗಿದೆ, ಪ್ರಬಂಧ ತಿರುಗಿ ಕಳಿಸಬೇಕು ಎಂದು ವಿದ್ಯಾಲಯಕ್ಕೆ ಒಂದು ಕಾಗದ ಬರೆಯಿಸಿದರು. ಈಗಾಗಲೇ ವಿದ್ಯಾರ್ಥಿಗಳಿಗೆ ಓದಿ ಹೇಳಿದ್ದೇವೆ, ಎಲ್ಲರಿಗೂ ಹಿಡಿಸಿದೆ ಎಂದು ಉತ್ತರ ಬಂತು. ಆಯಿಯ ಕೋಣೆಯ ವಿಷಯ ಸಾಹೇಬರು ಎಲ್ಲಿಯೂ ಬರೆಯಲಿಲ್ಲ. ಮರ ಉಳಿಯಿತು. ಸಿದ್ಧವಾದ ಗುಂಡಿ ಕಂಡ ಅಧ್ಯಕ್ಷರು ಅದಕ್ಕೆ ಕಲ್ಲು ಕಟ್ಟಿಸಿ ಗಟಾರು ಮಾಡಿಸಿದರು, ಮುಂದಿನ ಚುನಾವಣೆಯಲ್ಲಿ ಅದನ್ನೇ ಹೇಳಿಕೊಂಡರು.

ಮಳೆ ಮುಗಿದ ಮೇಲೆ ನನಗೆ ಜೋಯಿಡಾಕ್ಕೆ ಮರಳಲು ಹುಕುಂ ಬಂತು. ಹೊರಡುವ ಮುಂಚೆ ನನ್ನ ಸೇವಾ ಪುಸ್ತಕ ತೆಗೆದು ನೋಡಿದೆ. ಸಾಹೇಬರು ತಮ್ಮ ಕೈಯಿಂದಲೇ ಷರಾ ಬರೆದಿದ್ದರು: ಮೋಜಣಿಯಲ್ಲಿ ಅತ್ಯಂತ ನಂಬಿಗಸ್ತ, ನಕಲು ಮಾಡುವುದರಲ್ಲಿ ಅಜಾಗರೂಕ. ಆ ಷರಾ ಓದಿದ ಯಾವ ಅಧಿಕಾರಿಯೂ ಮುಂದೆ ನನ್ನನ್ನು ಕಚೇರಿಯಲ್ಲಿ ಕೂಡ್ರಿಸಿ ಬರೆಯಲು ಹಚ್ಚಲಿಲ್ಲ. ನಿವೃತ್ತಿಯ ತನಕ ಕಾಡಿನಲ್ಲಿಯೇ ಸರಪಳಿ ಎಳೆದೆ. ಚಳಿಜ್ವರ ಇನ್ನೂ ನಾಲ್ಕು ಸಲ ಬಂತು.