ಹರವಿಗೆ ಆನಿಸಿದ ಫೋನು
ತನ್ನ ಅಣ್ಣನ ಮಗಳ ನಿಕಾಹ್ ನಡೆಯುತ್ತಿರುವಾಗಲೇ, ಜೇಬಿನ ತ್ರೀಜಿ ಫೋನು ಕಾದು ಎದೆ ಸುಟ್ಟಿತೆಂದು ಅಂಗಿ ಬಿಚ್ಚಿ ಎಸೆದವನು ನಮ್ಮ ಗಾಂಧಿನಗರದ ಲಾರಿ ಮಾಲೀಕ ಸಲಾವುದ್ದೀನ್. ಅದಿರಿನ ಲಾರಿಗಳಿಗಿಂತ ಅವನ ಬೈಗುಳಕ್ಕೇ ನಮ್ಮ ಓಣಿ ಹೆಚ್ಚು ಅದುರುತ್ತದೆ. ಗಳಿಗೆಗೊಮ್ಮೆ ಡ್ರೈವರುಗಳಿಗೆ ವಿಡಿಯೊ ಕರೆ: "ಗಾಡಿ ನಿಲ್ಸಲೇ ಹೈವಾನ್! ಕಣ್ಣು ತೋರ್ಸು! ಕೆಂಪಗದಾವ, ಮುಖ ತೊಳ್ಕೊಂಡು ಹೊಂಡು!" ಫೋನು ಕೆಂಡವಾದರೆ ನೀರಿನ ಹರವಿಗೆ ಸುತ್ತಿದ ಒದ್ದೆ ಬಟ್ಟೆಗೆ ಆನಿಸಿ, ಬಗ್ಗಿ, ಹರವಿಗೇ ಬೈದಂತೆ ಬೈಯುತ್ತಾನೆ. ಬಂದ್ ಮಾಡುವ ಮಾತೇ ಇಲ್ಲ. ಮೊನ್ನೆ ನನಗೂ ತಲೆ ಕೆಟ್ಟು ಗದರಿದೆ: "ಒಂದ್ ತಾಸು ಬಂದ್ ಮಾಡಿ ಆರಾಕ ಬಿಡಪ್ಪ, ಏನು ಮುಳುಗಿ ಹೋಗ್ತೈತಿ?" ಅವನು ಮೊದಲ ಸಲ ಮೆಲ್ಲಗೆ ಮಾತಾಡಿದ: "ಒಮ್ಮೆ ಬಿಟ್ಟಿದ್ನ್ರಿ. ಆ ತಾಸಿನಾಗ ಸ್ಟೇರಿಂಗ್ ಮ್ಯಾಲ ನಮ್ಮ ತಮ್ಮಗ ನಿದ್ದಿ ಹತ್ತಿತ್ತು."